ಡೊಂಕುಗುಂಡು ಮೀಮಾಂಸೆ: ಪಂಚತಾಲೂಕುಗಳ ಹುಲ್ಲುಗುಂಡಾಟಕ್ಕೊಂದು ಪ್ರವೇಶಿಕೆ

ಪೀಠಿಕೆ

ತನ್ನ ವಿಷಯದ ಮೇಲೆ ಈವರೆಗೆ ಯಾರೂ ಕೆಲಸ ಮಾಡಿಲ್ಲ ಎಂದು ಮೊದಲ ವಾಕ್ಯದಲ್ಲೇ ಸಾರಿಬಿಡುವುದು ಸಂಶೋಧಕರ ಕುಲಧರ್ಮ. ನಮ್ಮ ವಿಷಯದಲ್ಲಿ ಅದು ನಿಜವೂ ಹೌದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಲಾನ್ ಬೌಲ್ಸ್ ಕುರಿತು ಪೂರ್ವಸೂರಿಗಳಾರೂ ಲೇಖನಿ ಎತ್ತಿಲ್ಲ. ಇಲ್ಲಿ ಆ ಆಟವನ್ನು ಯಾರೂ ಆಡುತ್ತಿರಲಿಲ್ಲ ಎಂಬುದು ಇದಕ್ಕೊಂದು ಸಣ್ಣ ಕಾರಣವಿದ್ದೀತು.

ವಿಷಯ ಹೊಳೆದದ್ದು 2022ರ ಆಗಸ್ಟ್ 2ರ ಸಂಜೆ, ಕೊಟ್ಟೂರಿನ ಒಂದು ಮಿರ್ಚಿ ಅಂಗಡಿಯಲ್ಲಿ. ಟಿ.ವಿ.ಯಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಕ್ರೀಡಾಕೂಟ ಬರುತ್ತಿತ್ತು. ಲವ್ಲಿ ಚೌಬೆ, ಪಿಂಕಿ, ನಯನ್‌ಮೋನಿ ಸೈಕಿಯಾ, ರೂಪಾ ರಾಣಿ ತಿರ್ಕಿ ಎಂಬ ನಾಲ್ವರು ಹೆಣ್ಣುಮಕ್ಕಳು ಹಸಿರು ನೆಲದ ಮೇಲೆ ಗುಂಡು ಉರುಳಿಸಿ, ದಕ್ಷಿಣ ಆಫ್ರಿಕಾವನ್ನು 17–10ರಿಂದ ಸೋಲಿಸಿ, ಈ ಆಟದಲ್ಲಿ ಭಾರತಕ್ಕೆ ಮೊಟ್ಟಮೊದಲ ಚಿನ್ನ ಗೆದ್ದರು. ಅಂಗಡಿಯಲ್ಲಿದ್ದ ಆರು ಮಂದಿಯಲ್ಲಿ ಒಬ್ಬರಿಗೂ ಅಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯಲಿಲ್ಲ. ಆರೂ ಮಂದಿ ಚಪ್ಪಾಳೆ ಹೊಡೆದೆವು. ಆಗ ಒಬ್ಬ ಹಿರಿಯರು ಕಡಿದ ಮಿರ್ಚಿಯನ್ನು ಪೇಪರಿನ ಮೇಲಿಟ್ಟು, “ಇದ್ರಾಗ ಓಡಾದು ಏನೂ ಇಲ್ಲಲ್ರೀ. ಇದನ್ನ ನಾವೂ ಆಡಬಹುದು” ಎಂದರು. ಪ್ರಸ್ತುತ ಅಧ್ಯಯನದ ಮೂಲ ಪ್ರಮೇಯ ಅದೇ.

ಲಕ್ಷಣ ನಿರೂಪಣೆ

ಮಟ್ಟಸವಾದ ಹುಲ್ಲಿನಂಗಳ; ಅದರ ಸುತ್ತ ತಗ್ಗಾದೊಂದು ಸಣ್ಣ ಕಾಲುವೆ. ಮೊದಲು ಜ್ಯಾಕ್ ಎಂಬ ಪುಟ್ಟ ಗುಂಡನ್ನು ಉರುಳಿಸುವುದು, ಅದೇ ಗುರಿ. ಆಮೇಲೆ ಚಾಪೆಯ ಮೇಲೆ ನಿಂತು ಒಬ್ಬೊಬ್ಬರಾಗಿ ದೊಡ್ಡ ಗುಂಡು ಬಿಡುವುದು. ಅದರ ತೂಕ 1.59 ಕಿಲೋ ಮೀರಕೂಡದು. ಯಾರ ಗುಂಡು ಜ್ಯಾಕಿಗೆ ಹತ್ತಿರವೋ ಅವರಿಗೆ ಅಂಕ. ಇಷ್ಟೇ ಆಗಿದ್ದರೆ ‘ಇದು ನಮ್ಮ ಗೋಲಿಯಾಟದ ದೊಡ್ಡಣ್ಣ’ ಎಂದು ಬರೆದು ಪ್ರಬಂಧಕ್ಕೆ ಮಂಗಳ ಹಾಡಬಹುದಿತ್ತು.

ಆದರೆ ಆ ಗುಂಡು ದುಂಡಗಿಲ್ಲ. ಅದರ ಎರಡು ಪಕ್ಕಗಳು ಒಂದೇ ಸಮ ಇರುವುದಿಲ್ಲ. ವೇಗವಿರುವಷ್ಟು ಹೊತ್ತು ಸಜ್ಜನನಂತೆ ನೆಟ್ಟಗೆ ಹೋಗುತ್ತದೆ. ವೇಗ ಇಳಿದಂತೆ ತನ್ನ ಮನಸ್ಸಿನಲ್ಲಿದ್ದ ಕಡೆಗೆ ಹೊರಳುತ್ತದೆ. ಇದಕ್ಕೆ ಬಯಾಸ್ ಎನ್ನುತ್ತಾರೆ. ಒಳಗೆ ಸೀಸ ತುಂಬಿರುತ್ತಾರೆಂದು ಕೆಲವರ ನಂಬಿಕೆ. ಅಲ್ಲ, ಈಗಿನ ಗುಂಡುಗಳಲ್ಲಿ ಡೊಂಕು ಇರುವುದು ಆಕಾರದಲ್ಲೇ. ಆದ್ದರಿಂದ ಈ ಪ್ರಬಂಧಕಾರ ಅದಕ್ಕೆ ‘ಡೊಂಕುಗುಂಡು’ ಎಂಬ ಪಾರಿಭಾಷಿಕ ಪದವನ್ನು ಟಂಕಿಸಿದ್ದಾನೆ. ಡೊಂಕಿನ ವಿಷಯದಲ್ಲಿ ಶರಣರು ಹನ್ನೆರಡನೇ ಶತಮಾನದಲ್ಲೇ ತೀರ್ಪು ಕೊಟ್ಟಾಗಿದೆ, ಮೇಲ್ಮನವಿಗೆ ಅವಕಾಶವಿಲ್ಲ.

ಉಗಮ ವಿಚಾರ

ಇಂಗ್ಲಿಷರು ಹೇಳುವ ಕಥೆ ಹೀಗಿದೆ. 1522ರಲ್ಲಿ ಸಫೋಕಿನ ಡ್ಯೂಕ್ ಆಡುತ್ತಿದ್ದಾಗ ಅವನ ಗುಂಡು ಒಡೆಯಿತಂತೆ. ಮನೆಗೆ ಓಡಿ, ಮೆಟ್ಟಿಲಿನ ಕಟಕಟೆಯ ಮೇಲಿದ್ದ ಮರದ ಗುಂಡನ್ನೇ ಕೊಯ್ದು ತಂದನಂತೆ. ಕೊಯ್ದ ಕಡೆ ಚಪ್ಪಟೆಯಾಗಿದ್ದರಿಂದ ಅದು ಬಾಗಿ ಹೋಯಿತು, ಎಲ್ಲರಿಗೂ ಹಿಡಿಸಿತು. ಮೆಟ್ಟಿಲಿನ ಗುಂಡು ಕಿತ್ತದ್ದಕ್ಕೆ ಅವನ ಹೆಂಡತಿ ಏನೆಂದಳು ಎಂಬುದರ ಬಗ್ಗೆ ಕಥೆ ಮೌನವಾಗಿದೆ; ಸಂಶೋಧಕನಿಗೆ ಇಂಥ ಮೌನಗಳೇ ಅನುಮಾನಾಸ್ಪದ. 1541ರಲ್ಲಿ ಎಂಟನೆಯ ಹೆನ್ರಿಯ ಕಾಲದ ಕಾಯಿದೆಯೊಂದು, ಕೂಲಿಯವರೂ ಕಸುಬುದಾರರೂ ಕ್ರಿಸ್‌ಮಸ್ ಬಿಟ್ಟು ಬೇರೆ ದಿನ ಗುಂಡು ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿತು. ಅದು ರದ್ದಾದದ್ದು 1845ರಲ್ಲಿ. ಯುಗಾದಿಗೊಮ್ಮೆ ಮಾತ್ರ ಇಸ್ಪೀಟಿನ ಕಡೆ ಕಣ್ಣು ಮುಚ್ಚುವ ನಮ್ಮ ಹಿರಿಯರು ಹೆನ್ರಿಯಿಂದ ಕಲಿತರೋ, ಹೆನ್ರಿಯೇ ಇವರಿಂದ ಕಲಿತನೋ ಎಂಬುದು ಪ್ರತ್ಯೇಕ ಪ್ರಬಂಧದ ವಸ್ತು.

ಈ ಆಂಗ್ಲಮೂಲ ಸಿದ್ಧಾಂತವನ್ನು ನಾವು ಒಪ್ಪುವುದಿಲ್ಲ. ನಮ್ಮ ಬಳಿ ಮೂರು ಆಧಾರಗಳಿವೆ.

ಮೊದಲನೆಯದು ಭಾಷಿಕ ಆಧಾರ. ಸಿಂಧೂ ಕಣಿವೆಯ ಉತ್ಖನನಗಳಲ್ಲಿ ಕಲ್ಲಿನ ಗೋಲಿಗಳು ಸಿಕ್ಕಿವೆ. ಆ ನಾಗರಿಕತೆಯ ಹೆಸರು ಹರಪ್ಪ. ನಮ್ಮದೊಂದು ತಾಲೂಕಿನ ಹೆಸರು ಹರಪನಹಳ್ಳಿ. ವ್ಯತ್ಯಾಸ ಒಂದು ಪಕಾರದ ಒತ್ತು ಮಾತ್ರ. ನಾಲ್ಕೂವರೆ ಸಾವಿರ ವರ್ಷದಲ್ಲಿ ಒಂದು ಒತ್ತು ಸವೆಯುವುದು ಸಹಜ.

ಎರಡನೆಯದು ಶಿಲ್ಪದ ಆಧಾರ. ಹಂಪಿಯ ಬಂಡೆಗಳ ಮೇಲೆ, ಮಂಟಪಗಳ ನೆಲದ ಮೇಲೆ ಹಳೆಯ ಆಟದ ಮನೆಗಳನ್ನು ಕೊರೆದಿರುವುದನ್ನು ನೋಡಿದವರು ಬಹಳ ಜನ. ಇನ್ನು ಚಾಲುಕ್ಯರ ಕಾಲದ ಮೂರ್ತಿಗಳ ಕೈಯಲ್ಲಿ ಕಾಣುವ ದುಂಡನೆಯ ವಸ್ತುವನ್ನು ಪಂಡಿತರು ಮಾತುಲಿಂಗ, ಅಂದರೆ ಮಾದಳದ ಹಣ್ಣು, ಎಂದು ಗುರುತಿಸುತ್ತಾರೆ. ದೇವರ ಕೈಯಲ್ಲಿ ಹಣ್ಣೇ ಇರಬೇಕೆಂದು ಇವರಿಗೆ ಹೇಳಿದವರಾರು? ಬಿಡಲು ತನ್ನ ಸರದಿ ಕಾಯುತ್ತಿರಬಾರದೇಕೆ?

ಮೂರನೆಯದೇ ನಿರ್ಣಾಯಕ. ಕೊಟ್ಟೂರೇಶ್ವರನ ತೇರು ಎಳೆಯುವಾಗ ಭಕ್ತರು ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾರೆ. ಕಳಸಕ್ಕೆ ತಾಗಲಿ ಎಂಬುದು ಹರಕೆ. ಇಲ್ಲಿ ಓದುಗರು ಬಾಳೆಹಣ್ಣಿನ ಆಕಾರವನ್ನು ಒಮ್ಮೆ ನೆನೆಯಬೇಕು. ಅದು ಹುಟ್ಟುತ್ತಲೇ ಡೊಂಕು. ಡ್ಯೂಕಿನ ಹಾಗೆ ಮನೆಯ ಮೆಟ್ಟಿಲು ಹಾಳುಮಾಡುವ ಪ್ರಮೇಯವೇ ಇಲ್ಲ. ನೆಟ್ಟಗೆ ಕಳಸ ನೋಡಿ ಎಸೆದವನ ಹಣ್ಣು ಪಕ್ಕದವರ ಪೇಟದ ಮೇಲೆ ಬೀಳುವುದನ್ನೂ, ಮೇಲಿನ ಮೋಡವನ್ನು ನೋಡಿ ಎಸೆದ ಮುದುಕಿಯ ಹಣ್ಣು ಗಾಳಿಯಲ್ಲಿ ತಿರುಗಿ ಕಳಸಕ್ಕೇ ಬಡಿಯುವುದನ್ನೂ ಈ ಪ್ರಬಂಧಕಾರ ಬಾಲ್ಯದಿಂದ ಕಂಡಿದ್ದಾನೆ. ಡೊಂಕು ಅಸ್ತ್ರವನ್ನು ಗುರಿ ಬಿಟ್ಟು ಗುರಿಯಿಟ್ಟು ಹೊಡೆಯುವ ವಿದ್ಯೆ ಇಲ್ಲಿಯದೇ. ಇನ್ನು ತೇರನ್ನೇ ನೋಡಿ: ಅದು ನೆಟ್ಟಗೆ ಹೋಗುವ ಗುಂಡು, ತಿರುಗಿಸಬೇಕಾದರೆ ಗಾಲಿಗೆ ಸನ್ನೆ ಹಾಕುವವರು ಜೀವ ಕೈಯಲ್ಲಿ ಹಿಡಿದು ದುಡಿಯಬೇಕು. ಬಯಾಸ್ ಇಲ್ಲದ ಗಾಲಿಯ ಕಷ್ಟ ನಮಗೆ ಗೊತ್ತಿದ್ದಷ್ಟು ಡ್ಯೂಕಿಗೆ ಗೊತ್ತಿರಲಾರದು.

ಜನಪದ ಸ್ವಭಾವ

ಹೊಸದಾಗಿ ಆಟಕ್ಕೆ ಸೇರುವವನಿಗೆ ಕಷ್ಟವಾಗುವುದು ತೋಳಿನಿಂದಲ್ಲ, ಕಣ್ಣಿನಿಂದ. ಗುರಿ ಕಂಡರೆ ಕಣ್ಣು ಅಲ್ಲೇ ನೆಡುತ್ತದೆ. ಡೊಂಕುಗುಂಡಿನ ಶಾಸ್ತ್ರದಲ್ಲಿ ಗುರಿ ನೋಡಿದವನು ಕೆಟ್ಟ. ಎರಡು ಮಾರು ಆಚೆಗೆ ನೋಡಿ ಬಿಟ್ಟರೆ ಮಾತ್ರ ಅದು ಬಳಸಿಕೊಂಡು ಬಂದು ಗುರಿಯ ಮಗ್ಗುಲಲ್ಲಿ ಕೂರುತ್ತದೆ.

ಈ ವಿದ್ಯೆ ನಮ್ಮ ಜನರ ರಕ್ತದಲ್ಲೇ ಇದೆ. ನಮ್ಮ ಕಡೆ ಯಾರಾದರೂ ಸಾಲ ಕೇಳಲು ಬಂದರೆ ನೆಟ್ಟಗೆ ಸಾಲ ಕೇಳಿದ್ದುಂಟೆ? ಮೊದಲು ಮಳೆ. ಕೂಡ್ಲಿಗಿ ಕಡೆ ಆಯಿತಂತೆ, ನಮ್ಮ ಕಡೆ ಮೋಡ ಬಂದು ಹೋಯಿತು. ಆಮೇಲೆ ಈರುಳ್ಳಿ ರೇಟು. ಆಮೇಲೆ ಶೇಂಗಾ. ಅಲ್ಲಿಂದ ನಿಮ್ಮ ಹುಡುಗ ಈಗ ಎಲ್ಲಿದ್ದಾನೆ, ಬೆಂಗಳೂರಾ, ಒಳ್ಳೇದಾತು. ಚಹಾ ಬರುತ್ತದೆ, ಕಪ್ಪು ಖಾಲಿಯಾಗುತ್ತದೆ. ವೇಗ ಪೂರಾ ಇಳಿದ ಮೇಲೆ, ಎದ್ದು ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಚಪ್ಪಲಿ ಮೆಟ್ಟುವಾಗ, “ಅಂದಂಗ ಒಂದು ಐದು ಸಾವಿರ ಆಗತಿತ್ತೇನ್ರಿ?” ಗುಂಡು ಜ್ಯಾಕಿಗೆ ತಾಗಿ ನಿಂತಿತು. ಇದಕ್ಕಿಂತ ಸೊಗಸಾದ ಬಯಾಸ್ ಬರ್ಮಿಂಗ್‌ಹ್ಯಾಮಿನಲ್ಲೂ ಕಾಣಲಿಲ್ಲ.

ಅಂಗಳದ ಸಮಸ್ಯೆ

ಬೆಚ್ಚನೆಯ ದೇಶಗಳಲ್ಲಿ ಈ ಆಟಕ್ಕೆ ಬೆಳೆಸುವ ಹುಲ್ಲುಗಳಲ್ಲಿ ಬರ್ಮುಡಾ ಹುಲ್ಲು ಮುಖ್ಯ. ಸಸ್ಯಶಾಸ್ತ್ರದ ಪ್ರಕಾರ ಅದು ಸೈನೋಡಾನ್ ಡ್ಯಾಕ್ಟೈಲಾನ್. ನಮ್ಮ ಭಾಷೆಯಲ್ಲಿ ಕರಿಕಿ, ಗಣೇಶ ಚೌತಿಯ ಗರಿಕೆ. ಎರೆಹೊಲದಲ್ಲಿ ಆಳಕ್ಕೆ ಬೇರಿಳಿಸಿ ಕೂತ ಕರಿಕಿಯನ್ನು ಕಿತ್ತು ಬದುವಿಗೆ ಒಗೆದು ತಲೆಮಾರುಗಳ ಬೆನ್ನು ಬಾಗಿದೆ. ಅದನ್ನು ಬೀಜ ಹಾಕಿ, ನೀರು ಹಾಯಿಸಿ, ಯಂತ್ರದಲ್ಲಿ ಕ್ಷೌರ ಮಾಡಿಸಿ ಸಾಕುತ್ತಾರೆಂದು ಹೇಳಿದಾಗ ನಮ್ಮ ಮಾಹಿತಿದಾರರಲ್ಲೊಬ್ಬರು ಬಹಳ ಹೊತ್ತು ಮಾತಾಡಲಿಲ್ಲ.

ಐದು ತಾಲೂಕುಗಳಲ್ಲಿ ಲಾನ್ ಹುಡುಕಿದೆವು. ಒಂದು ಸರ್ಕಾರಿ ಬಂಗಲೆಯ ಮುಂದೆ ಸಿಕ್ಕಿತು. ‘ಹುಲ್ಲಿನ ಮೇಲೆ ಕಾಲಿಡಬೇಡಿ’ ಎಂಬ ಫಲಕ ಚೆನ್ನಾಗಿತ್ತು, ಹುಲ್ಲು ಇರಲಿಲ್ಲ. ಕೊನೆಗೆ ಪರಿಹಾರ ಸಿಕ್ಕಿದ್ದು ಶಾಮಿಯಾನದ ಅಂಗಡಿಯಲ್ಲಿ. ಮದುವೆ ಮಂಟಪಕ್ಕೆ ಹಾಸುವ ಹಸಿರು ಪ್ಲಾಸ್ಟಿಕ್ ಮ್ಯಾಟ್! ವಿದೇಶಗಳಲ್ಲೂ ಈಗ ಕೃತಕ ಹಾಸಿನ ಮೇಲೆ ಆಡುವುದುಂಟು, ಆದ್ದರಿಂದ ಇದು ಶಾಸ್ತ್ರಬಾಹಿರವಲ್ಲ. ನಮಗೆ ದೊರೆತ ಮ್ಯಾಟಿನಲ್ಲಿ ಅಲ್ಲಲ್ಲಿ ಅರಿಸಿನದ ಕಲೆ, ಒಂದು ಕಡೆ ಬುಂದಿಯ ಜಿಡ್ಡು, ನಡುವೆ ಎರಡು ತುಂಡು ಜೋಡಿಸಿದ ಉಬ್ಬು ಇದ್ದವು.

ಗುಂಡಿಗೆ ಏನು ಮಾಡುವುದು? ತೆಂಗಿನಕಾಯಿ. ಸಿಪ್ಪೆ, ಜುಟ್ಟು ತೆಗೆದ ಕಾಯಿ ಒಂದು ತುದಿಗೆ ಕೊಂಚ ಚೂಪು. ಉರುಳಿಸಿದರೆ ಆ ಚೂಪಿನ ಕಡೆಗೇ ತಿರುಗುತ್ತದೆ. ಬೆಲೆಗೆ ತಕ್ಕ ಬಯಾಸ್. ಜ್ಯಾಕಿಗೆ ನಿಂಬೆಹಣ್ಣು.

ಕ್ಷೇತ್ರಕಾರ್ಯ

ಒಂದು ಭಾನುವಾರ ಬೆಳಿಗ್ಗೆ ಆರು ಗಂಟೆ, ಹೈಸ್ಕೂಲ್ ಮೈದಾನ. ಹಾಜರಿದ್ದವರು: ನಿವೃತ್ತ ಪಿ.ಟಿ. ಮೇಷ್ಟ್ರು, ನಿವೃತ್ತ ಕಂಡಕ್ಟರ್, ಇಬ್ಬರು ರೈತರು, ಕಿರಾಣಿ ಅಂಗಡಿಯವರು, ಮತ್ತು ಈ ಪ್ರಬಂಧಕಾರ. ಹುಲ್ಲಿಗೆ ಏಟಾಗದಂತೆ ಹಿಮ್ಮಡಿಯಿಲ್ಲದ ಚಪ್ಪಟೆ ಬೂಟು ಹಾಕಬೇಕೆಂಬುದು ಆಟದ ನಿಯಮ. ನಾವು ಗುಡಿಗೆ ಹೋದ ಹಾಗೆ ಚಪ್ಪಲಿ ಹೊರಗೆ ಬಿಟ್ಟೆವು.

ಈ ಆಟದಲ್ಲಿ ಪ್ರತಿ ತಂಡಕ್ಕೂ ಸ್ಕಿಪ್ ಎಂಬೊಬ್ಬ ನಾಯಕ. ಅವನು ಆ ತುದಿಯಲ್ಲಿ ಜ್ಯಾಕಿನ ಪಕ್ಕ ನಿಂತು ಕೂಗಿ ಹೇಳಬೇಕು, ಈ ತುದಿಯವರು ಪಾಲಿಸಬೇಕು. ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ “ಸದ್ದಲೇ” ಎಂದರೆ ಸೇರಿದ ಜನಸಾಗರ ಉಸಿರು ಬಿಗಿಹಿಡಿಯುತ್ತದೆ. ಒಂದೇ ಸಾಲಿನ ಕಾರಣಿಕ ಬೀಳುತ್ತದೆ. ಅದು ಮಳೆಯೋ, ಬೆಳೆಯೋ, ಸರ್ಕಾರವೋ ಎಂದು ವರ್ಷವಿಡೀ ಚರ್ಚೆ. ಮೇಷ್ಟ್ರ ಕೂಗೂ ಹಾಗೇ ಇತ್ತು. ಮೊದಲ ಕೂಗು “ಒಳಗ!” ಯಾವುದರ ಒಳಗೆ ಎಂದು ಈ ತುದಿಯಲ್ಲಿ ಮೂರು ಪಂಥಗಳಾದವು.

ಪ್ರಬಂಧಕಾರನ ಸರದಿ. ಮೊಣಕಾಲು ಬಗ್ಗಿಸಿದಾಗ ಬಂದ ಸದ್ದನ್ನು ಅಕ್ಷರದಲ್ಲಿ ದಾಖಲಿಸಲು ಸಾಧ್ಯವಿಲ್ಲ. ಚೂಪು ಒಳಗಿರಬೇಕಿತ್ತು, ಹೊರಗಿಟ್ಟು ಬಿಟ್ಟ. ಹೊಸಬರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು ಇದು. ಹಾಗೆ ಮಾಡಿದರೆ ಗುಂಡು ಪಕ್ಕದವರ ಅಂಗಳಕ್ಕೆ ನುಗ್ಗುತ್ತದೆಂದು ಶಾಸ್ತ್ರ ಹೇಳುತ್ತದೆ. ಪಕ್ಕದ ಅಂಗಳದಲ್ಲಿ ಹುಡುಗರು ಗೋಲಿ ಆಡುತ್ತಿದ್ದರು. ಕಾಯಿ ಮ್ಯಾಟು ದಾಟಿ, ಮಣ್ಣಿನ ಮೇಲೆ ಕುಪ್ಪಳಿಸುತ್ತ ಹೋಗಿ, ಅವರ ಕುಣಿಯ ಬಾಯಿಗೆ ಸರಿಯಾಗಿ ಕೂತಿತು. ಒಂಬತ್ತು ವರ್ಷದವನೊಬ್ಬ ಅದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, “ಯಜ್ಜಾ, ಕಾಯಿ ಒಡಸಾಕ ಬಂದಿಯೇನು? ಗುಡಿ ಆ ಕಡಿ ಐತಿ” ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯ ಎರಡೂ ಅರ್ಥದ ಕುಣಿಗೆ ಅಂದು ಪ್ರಬಂಧಕಾರ ಒಟ್ಟಿಗೇ ಬಿದ್ದ.

ಎರಡನೇ ಸಲ ಮೇಷ್ಟ್ರು ಕಾರಣಿಕ ಬಿಟ್ಟು ಕನ್ನಡದಲ್ಲಿ ಹೇಳಿದರು: “ನಿಂಬಿಹಣ್ಣು ನೋಡಬ್ಯಾಡ್ರೀ ಸರ. ಆ ಹುಣಸಿಗಿಡ ನೋಡ್ರಿ, ಮೆತ್ತಗ ಬಿಡ್ರಿ.” ನೋಡಿದ, ಬಿಟ್ಟ. ಕಾಯಿ ಹುಣಸೆಮರಕ್ಕೇ ಹೊರಟಂತೆ ಹೋಯಿತು. ಉಬ್ಬಿನ ಮೇಲೆ ಒಂದು ಸಣ್ಣ ಎಗರು. ಆಮೇಲೆ ಏನೋ ಮರೆತದ್ದು ನೆನಪಾದವರ ಹಾಗೆ ನಿಧಾನ ಮಾಡಿತು, ತಲೆ ವಾಲಿಸಿತು, ಬಲಕ್ಕೆ ಹೊರಳಿತು. ಆರು ಮಂದಿಯೂ ಸುಮ್ಮನಿದ್ದೆವು. ನಿಂಬೆಹಣ್ಣಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಕಂಡಕ್ಟರರ ಕಾಯಿಯೂ ಸುಮಾರು ಅಷ್ಟೇ ದೂರ. ಅಳೆಯಲು ದಾರ ತಂದಿರಲಿಲ್ಲ. ರೈತರೊಬ್ಬರು ಮುಖ ತಿರುಗಿಸಿ ನಿಂತು ಉಡದಾರ ಬಿಚ್ಚಿಕೊಟ್ಟರು. ಪ್ರಬಂಧಕಾರ ಅರ್ಧ ಬೆರಳಿನಿಂದ ಗೆದ್ದ. ಕಂಡಕ್ಟರು ಈ ಫಲಿತಾಂಶವನ್ನು ಇಂದಿಗೂ ಒಪ್ಪಿಲ್ಲ. ಉಡದಾರ ಹಿಗ್ಗಿತ್ತು ಎಂಬುದು ಅವರ ವಾದ.

ಸಂಘದ ನಾಮಕರಣ

ಆಟ ಹಿಡಿಸಿ, ಸಂಘ ಕಟ್ಟಲು ಐದೂ ತಾಲೂಕಿನವರು ಸೇರಿದೆವು. ಅದರ ನಾಮಕರಣದ ಮಾತನ್ನು ಬೇಗ ಮುಗಿಸುತ್ತೇವೆ, ಏಕೆಂದರೆ ಅದು ಮುಗಿದಿಲ್ಲ. ಐದೂ ತಾಲೂಕಿನ ಹೆಸರು ಬರಬೇಕು, ಯಾವುದು ಮೊದಲು? ಅಕಾರಾದಿ ಎಂದೊಡನೆ ಕೂಡ್ಲಿಗಿಯವರು ಒಪ್ಪಿದರು. ‘ಹ’ಕಾರದ ಮೂವರಿಗೆ ಬೇಸರ. ಹಡಗಲಿಯವರು ಮಾತ್ರ ತಮ್ಮೂರನ್ನು ಹೂವಿನಹಡಗಲಿ ಎಂದೇ ಬರೆಯಬೇಕೆಂದು ಪಟ್ಟು ಹಿಡಿದರು. ಬರೆದ ಮೇಲೆ ನೋಡಿದರೆ ‘ಹೂ’ ಎಲ್ಲರಿಗಿಂತ ಕೊನೆಗೆ ಹೋಗಿತ್ತು. ಹಡಗಲಿಯ ಮಲ್ಲಿಗೆಗೆ ತೆತ್ತ ಬೆಲೆ. ಹಗರಿಬೊಮ್ಮನಹಳ್ಳಿಯ ಹೆಸರು ಪೂರ್ತಿ ಬರೆದರೆ ರಬ್ಬರ್ ಸ್ಟ್ಯಾಂಪಿನಲ್ಲಿ ಬೇರೆ ಊರಿಗೆ ಜಾಗ ಉಳಿಯುವುದಿಲ್ಲ.

ಹರಪನಹಳ್ಳಿಯವರು ಯಾವ ಜಗಳಕ್ಕೂ ಬರಲಿಲ್ಲ. ಕಾರಣ ಕೇಳಿದೆವು. 1997ರಲ್ಲಿ ಅವರ ತಾಲೂಕು ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂತು. ಆಟದ ನಿಯಮದಂತೆ ಜ್ಯಾಕಿಗೆ ಗುಂಡು ಬಡಿದು ಅದು ಸರಿದರೆ, ಸರಿದ ಜಾಗವೇ ಹೊಸ ಗುರಿ. “ನಾವು ಎದ್ದು ಎಲ್ಲಿಗೂ ಹೋಗಿಲ್ರೀ, ಕೂತಲ್ಲೇ ಅದೀವಿ” ಎಂದರು ಅವರು. ಇಂಥವರಿಗೆ ಆಟ ಕಲಿಸುವ ಅಗತ್ಯ ನಮಗೆ ಕಾಣಲಿಲ್ಲ.

ಪ್ರಕಟಣೆ

ಹೆಸರಿಲ್ಲದ ಸಂಘಕ್ಕೆ ಹೊಸಬರು ಬೇಕಾಗಿದ್ದಾರೆ. ವಯಸ್ಸಿನ ಮಿತಿ ಇಲ್ಲ, ಮೊಣಕಾಲು ಒಂದಾದರೂ ಬಗ್ಗಬೇಕು. ಮೊದಲ ದಿನ ಎಂಟು ಕಾಯಿಗಳಲ್ಲಿ ಐದು ಡಿಕ್ಕಿ ಹೊಡೆದು ಒಡೆದವು. ಕಾಯಿನೀರಿನ ಕಲೆಗೆ ಶಾಮಿಯಾನದವರು ಐವತ್ತು ರೂಪಾಯಿ ಹಿಡಿದುಕೊಂಡರು. ಹೋಳುಗಳು ಚಟ್ನಿಯಾಗಿ ಒಗ್ಗರಣೆ ಮಂಡಕ್ಕಿಯ ಜೊತೆ ಖರ್ಚಾದವು. ಆದ್ದರಿಂದ ಬರುವ ಭಾನುವಾರದಿಂದ ಕಾಯಿಗಳನ್ನು ಅವರವರೇ ತರತಕ್ಕದ್ದು. ಜುಟ್ಟು ತೆಗೆದು ತನ್ನಿ. ಅಳೆಯುವ ದಾರ ಸಂಘದ್ದೇ ಇದೆ, ಹೊಸದು.