ಬಾನೆಟ್ಟಣ್ಣ

ಹಿರಿಯೂರಿನಲ್ಲಿ ಕಾರು ನಿಂತುಹೋಗಿ, ನೀವು ಬಾನೆಟ್ ಎತ್ತಿ ಕಂಬಿ ಕೊಡುವಷ್ಟರಲ್ಲಿ ಬಾನೆಟ್ಟಣ್ಣ ಒಳಗೆ ತಲೆ ಹಾಕಿರುತ್ತಾನೆ. 48 ಮತ್ತು 150ಎ, ಎರಡು ರಾಷ್ಟ್ರೀಯ ಹೆದ್ದಾರಿ ಕೂಡುವ ಊರು. ಕೆಟ್ಟ ಗಾಡಿಗೆ ಬರವಿಲ್ಲ, ಅವನಿಗೆ ಬಿಡುವಿಲ್ಲ. ಹಾಗೆಂದು ಅವನು ಹಿರಿಯೂರಿನವರ ಸ್ವತ್ತೇನಲ್ಲ. ಹೊಸದುರ್ಗದಲ್ಲಿ ಅವನಿಗೆ ತೆಂಗಿನ ತೋಟವಿರುತ್ತದೆ, ಹೊಳಲ್ಕೆರೆಯಲ್ಲಿ ಅಡಿಕೆ ವ್ಯಾಪಾರ, ಚಿತ್ರದುರ್ಗದಲ್ಲಿ ಪಿಂಚಣಿ. ಮೆಕ್ಯಾನಿಕ್ ಮಾತ್ರ ಆಗಿರುವುದಿಲ್ಲ.

“ಸೆಲ್ಫ್ ಹೊಡೀರಿ ಸಾರ್, ಕೇಳಾನ” ಎಂದು ಕಣ್ಣು ಮುಚ್ಚುತ್ತಾನೆ. ಒಳಗಿನಿಂದ ಟಕಟಕ ಸದ್ದು. ಕಣ್ಣು ಬಿಡುವ ಮೊದಲೇ ತೀರ್ಪು: “ಬ್ಯಾಟ್ರಿ ಹೋಗೈತೆ. ಹಾಕ್ಸಿ ಎಷ್ಟು ದಿನ ಆಯ್ತು?” ಮೂರು ವರ್ಷ ಎಂದರೆ “ಅದೇ ಮತ್ತೆ, ಹಳೇದು.” ಮೂರು ತಿಂಗಳು ಎಂದರೆ “ಈಗಿನ ಮಾಲೇ ಇಷ್ಟು.” ಅವನ ಕೋರ್ಟಿನಲ್ಲಿ ಬ್ಯಾಟರಿಗೆ ಜಾಮೀನಿಲ್ಲ.

ಮಾತು ಪೂರಾ ಸುಳ್ಳಲ್ಲ ಎಂಬುದೇ ತೊಂದರೆ. ಬ್ಯಾಟರಿ ಖಾಲಿಯಾಗಿರುವುದು ನಿಜ. ಯಾಕೆ ಖಾಲಿಯಾಯಿತು ಎಂಬ ಪ್ರಶ್ನೆ ಅವನ ಇಲಾಖೆಗೆ ಸೇರಿದ್ದಲ್ಲ. ಅದನ್ನು ಕೇಳುವವನು ವೈರಿಂಗ್ ಅಂಗಡಿಯ ಹುಡುಗ. ಅವನು ಬಂದು ಮಾತಾಡದೆ ಮೀಟರ್ ಹಿಡಿಯುತ್ತಾನೆ. ನಿಂತ ಗಾಡಿಯಲ್ಲಿ ತುಂಬಿದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12ಕ್ಕಿಂತ ಕೆಳಗಿಳಿದರೆ ಖಾಲಿ ಎಂದೇ ಲೆಕ್ಕ. ಇನ್ನೊಂದು ಗಾಡಿಯಿಂದ ಜಂಪ್ ಕೊಟ್ಟು ಸ್ಟಾರ್ಟ್ ಮಾಡಿ ಮತ್ತೆ ಹಿಡಿದರೆ ಸಾಮಾನ್ಯವಾಗಿ 13.8ರಿಂದ 14.4 ಬರಬೇಕು. ಓಡುವ ಎಂಜಿನ್ನಿನಲ್ಲೂ ಅದು 12ರಲ್ಲೇ ತೂಕಡಿಸುತ್ತಿದ್ದರೆ ತಪ್ಪು ಬ್ಯಾಟರಿಯದಲ್ಲ. ಬೆಲ್ಟು ಸಡಿಲ, ಇಲ್ಲವೇ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರಿನ ಕಾರ್ಬನ್ ಸವೆದಿದೆ, ಇಲ್ಲವೇ ಡಯೋಡ್, ರೆಗ್ಯುಲೇಟರ್ ಕೈಕೊಟ್ಟಿದೆ.

“ಆ ಮೀಟ್ರು ಚೀನಾದ್ದು, ನಂಬಬ್ಯಾಡ್ರಿ” ಎಂದು ಬಾನೆಟ್ಟಣ್ಣ ನಿಮ್ಮ ಕಿವಿಯಲ್ಲಿ ಹೇಳುತ್ತಾನೆ.

ಹುಡುಗ ಅದಕ್ಕೆ ಊರಿನದೇ ಲೆಕ್ಕ ಕೊಡುತ್ತಾನೆ. “ನಮ್ ಮಾರಿಕಣಿವೆ ಡ್ಯಾಮು 1933ರಾಗೆ ಕೋಡಿ ಬಿದ್ದಿದ್ದು, ಆಮ್ಯಾಲೆ ಬಿದ್ದಿದ್ದು 2022ಕ್ಕೆ. ಕಟ್ಟೆ ಸರಿ ಇರಲಿಲ್ಲ ಅಂತಲ್ಲಣ್ಣ, ನೀರು ಬರ್ಲಿಲ್ಲ. ಇದೂ ಹಂಗೇ. ಹೊಸ ಬ್ಯಾಟ್ರಿ ಹಾಕಿದ್ರೂ ದಾವಣಗೆರೆ ಮುಟ್ಟಲ್ಲ.”

ಬಾನೆಟ್ಟಣ್ಣನ ಹತ್ತಿರ ಇದಕ್ಕೂ ಪರೀಕ್ಷೆಯಿದೆ. ಅಂಬಾಸಿಡರ್ ಕಾಲದಲ್ಲಿ ಯಾರೋ ಕಲಿಸಿದ ವಿದ್ಯೆ: ಎಂಜಿನ್ ಓಡುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತುಬಿಡುವುದು. ಗಾಡಿ ಆರಿದರೆ ಡೈನಮೋ ಸತ್ತಿದೆ, ಆರದಿದ್ದರೆ ಬದುಕಿದೆ. ಈಗಿನ ಗಾಡಿಯಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಚಿಮ್ಮಿ, ಬದುಕಿದ್ದ ಆಲ್ಟರ್ನೇಟರಿನ ಡಯೋಡೂ ಹೋಗಬಹುದು, ಜೊತೆಗೆ ಎಂಜಿನ್ನಿನ ಕಂಪ್ಯೂಟರ್, ಸಾವಿರಾರು ರೂಪಾಯಿಯ ಇಸಿಎಂ ಕೂಡ. ಹತ್ತನೇ ನಂಬರ್ ಸ್ಪ್ಯಾನರ್ ಟರ್ಮಿನಲ್ಲಿನ ನಟ್ಟಿಗೆ ಕೂತಾಗಿರುತ್ತದೆ. ಹುಡುಗ ಅವನ ಮುಂಗೈ ಹಿಡಿದು, ಸ್ಪ್ಯಾನರನ್ನು ಮೆಲ್ಲಗೆ ಬಿಡಿಸಿಕೊಂಡು ತನ್ನ ಹಿಂದಿನ ಜೇಬಿಗೆ ಹಾಕಿಕೊಳ್ಳುತ್ತಾನೆ. ಅಷ್ಟರಲ್ಲಿ ಟೀ ಬರುತ್ತದೆ. ಟೀ ಹೇಳಿದವನು ಬಾನೆಟ್ಟಣ್ಣ, ದುಡ್ಡು ನಿಮ್ಮದು.

ಹೊಳಲ್ಕೆರೆಯವನು ಇನ್ನೂ ಒಂದು ಕೈ ಮೇಲು. ಗಾಡಿ ತಂದಾಗ ಬಯಲು ಗಣಪತಿಗೆ ಕಾಯಿ ಒಡೆಸಿದ್ದೀರಾ ಎಂದು ಮೊದಲು ವಿಚಾರಿಸುತ್ತಾನೆ. ಆಮೇಲೆ ಸ್ಟೇರಿಂಗ್ ಹಿಂದೆ ಉರಿಯುವ ಕೆಂಪು ಬ್ಯಾಟರಿ ದೀಪದತ್ತ ಕಣ್ಣು ಹೋಗುತ್ತದೆ. “ಇದು ಸುಮ್ನೆ ಉರಿಯೋದು ಸಾರ್, ರಾತ್ರಿ ಹೊತ್ತು ಕಣ್ಣಿಗೆ ಹೊಡಿತೈತೆ” ಎಂದು ಬಲ್ಬನ್ನೇ ಕಿತ್ತುಕೊಡುತ್ತಾನೆ. ಚಾರ್ಜ್ ಆಗುತ್ತಿಲ್ಲ ಎಂದು ಹೇಳಲು ಗಾಡಿಗೆ ಇದ್ದದ್ದು ಅದೊಂದೇ ಬಾಯಿ. ಅದೂ ಅಲ್ಲದೆ ಹಳೆಯ ಮಾದರಿಯ ಎಷ್ಟೋ ಗಾಡಿಗಳಲ್ಲಿ ಆಲ್ಟರ್ನೇಟರನ್ನು ಎಬ್ಬಿಸುವ ಮೊದಲ ಕರೆಂಟು ಹಾಯುವುದೇ ಆ ಬಲ್ಬಿನ ಮೂಲಕ. ಬಲ್ಬು ಹೋದರೆ ಚಾರ್ಜಿಂಗೂ ಹೋಯಿತು.

ನ್ಯಾಯಕ್ಕೆ ಒಂದು ಮಾತು ಹೇಳಲೇಬೇಕು. ಟರ್ಮಿನಲ್ ಮೇಲೆ ಬೆಳೆದ ಬಿಳಿ-ಹಸಿರು ಬೂಷ್ಟಿಗೆ ಸೋಡಾಪುಡಿ ಕದಡಿದ ಬಿಸಿನೀರು ಹೊಯ್ದು, ಬ್ರಷ್ಷಿನಲ್ಲಿ ಉಜ್ಜಿ, ಕ್ಲ್ಯಾಂಪ್ ಬಿಗಿ ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ; ಅಷ್ಟಕ್ಕೇ ಎದ್ದು ಹೋದ ಗಾಡಿಗಳೂ ಉಂಟು. ಕೀ ಆನ್ ಮಾಡಿಸಿ, ಆಲ್ಟರ್ನೇಟರಿನ ಹಿಂಬದಿಗೆ ಸ್ಕ್ರೂಡ್ರೈವರ್ ತಾಗಿಸಿ, “ಎಳೀತೈತೆ ನೋಡ್ರಿ” ಎನ್ನುವುದೂ ಸುಳ್ಳು ಶಾಸ್ತ್ರವಲ್ಲ. ಒಳಗಿನ ಸುರುಳಿಗೆ ಕರೆಂಟು ಮುಟ್ಟಿ ಆಯಸ್ಕಾಂತವಾದರೆ ಅನೇಕ ಗಾಡಿಗಳಲ್ಲಿ ಅದು ಸ್ಕ್ರೂಡ್ರೈವರನ್ನು ಎಳೆಯುತ್ತದೆ. ಆದರೆ ಅವನ ನಿಜವಾದ ಪ್ರತಿಭೆ ಕಾಣುವುದು ತಳ್ಳುವ ಹೊತ್ತಿನಲ್ಲಿ. ಬಸ್ಸಿಗೆ ಕಾಯುತ್ತಿದ್ದವರು, ಎಳನೀರಿನವನು, ಕಾಲೇಜು ಹುಡುಗರು, ಎಲ್ಲರನ್ನೂ ಒಂದೇ ಕೂಗಿಗೆ ಡಿಕ್ಕಿಗೆ ಕೈ ಹಚ್ಚಿಸುತ್ತಾನೆ. “ಸೆಕೆಂಡ್ ಗೇರ್, ಸೆಕೆಂಡ್ ಗೇರ್! ಕ್ಲಚ್ ಬಿಡ್ರೀ!” ತಾನು ತಳ್ಳುವುದಿಲ್ಲ; ಪಕ್ಕದಲ್ಲಿ ಓಡುತ್ತಾನೆ.

ಇಷ್ಟೆಲ್ಲ ಬಲ್ಲವನ ಸ್ವಂತ ಮಾರುತಿ 800 ಚಿತ್ರದುರ್ಗದಲ್ಲಿ ಕೋಟೆಯ ಕಡೆಯ ಇಳಿಜಾರಿನಲ್ಲಿ, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು ನಿಂತಿರುತ್ತದೆ. ಬೀದಿಯವರು ಆ ಜಾಗದಲ್ಲಿ ಬೇರೆ ಗಾಡಿ ನಿಲ್ಲಿಸುವುದಿಲ್ಲ. ಮೊನ್ನೆ ಮಗಳಿಗೆ ಹೊಸದುರ್ಗದ ಕಡೆಯಿಂದ ಸಂಬಂಧ ಬಂತು. ಹುಡುಗನ ಓದು, ತೋಟ, ಜಾತಕ ಎಲ್ಲವನ್ನೂ ಹೆಂಡತಿ ಕೇಳಿಕೊಂಡಳು. ಇವನು ಫೋನ್ ಇಸ್ಕೊಂಡು ಕೇಳಿದ್ದು ಒಂದೇ: “ಬೀಗರೇ, ನಿಮ್ಮ ಮನೆ ಮುಂದಿನ ರಸ್ತೆ ಯಾವ ಕಡೆ ಇಳಿಜಾರು?”