ದುಡ್ಡು ಕೊಟ್ಟು ಕುಡಿಯುವ ಹೊಗೆ

ಸೌದೆ ಒಲೆಯ ಕಾಲದಲ್ಲಿ ಕಾಫಿಗೆ ಹೊಗೆ ವಾಸನೆ ಬಂದರೆ ನಮ್ಮ ಕಡೆ ಅದು ಸಣ್ಣ ಸಂಗತಿಯಾಗಿರಲಿಲ್ಲ. ಸೌದೆ ಹಸಿಯಿತ್ತೋ, ಊದುಕೊಳವೆ ಹಿಡಿದವರ ಗಮನ ಎಲ್ಲಿತ್ತೋ, ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿತ್ತೋ ಇಲ್ಲವೋ ಎಂದು ದೊಡ್ಡ ವಿಚಾರಣೆಯೇ ನಡೆಯುತ್ತಿತ್ತು. ಲೋಟ ಮುಟ್ಟದೆ ಎದ್ದುಹೋದ ಅಳಿಯಂದಿರ ಕತೆ ಹುಡುಕಿದರೆ ಯಾವ ಮನೆಯಲ್ಲೂ ಸಿಕ್ಕೀತು. ಗ್ಯಾಸ್ ಒಲೆ ಬಂದು ಆ ವಿಚಾರಣೆಗಳೆಲ್ಲ ವಜಾ ಆದವು. ಅಂಥ ವಂಶದಲ್ಲಿ ಹುಟ್ಟಿದ ನಾನು ಈಗ ಹೊಗೆ ವಾಸನೆಯ ಚಹವನ್ನೇ ಬೇಕೆಂದು ಕೇಳಿ, ಗ್ರಾಂ ಲೆಕ್ಕದಲ್ಲಿ ತೂಗಿಸಿ ತರುತ್ತೇನೆ.

ಈ ಚಹಕ್ಕೆ ಲೋಕದಲ್ಲಿ ಲ್ಯಾಪ್ಸಾಂಗ್ ಸೂಚಾಂಗ್ ಎಂದು ಹೆಸರು. ತವರಿನಲ್ಲಿ ಕರೆಯುವುದು ಜೆಂಗ್‌ಶಾನ್ ಶಿಯಾವ್‌ಜೋಂಗ್ ಎಂದು. ಎರಡರಲ್ಲಿ ಯಾವುದನ್ನು ಹೇಳಿದರೂ ಅಂಗಡಿಯವನು ಒಮ್ಮೆ ಮುಖ ನೋಡುತ್ತಾನೆ. ಆಗ್ನೇಯ ಚೀನಾದ ಫುಜಿಯಾನ್ ಪ್ರಾಂತ್ಯದಲ್ಲಿ ವೂಯಿ ಬೆಟ್ಟಗಳಿವೆ. 1999ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಆ ಬೆಟ್ಟಸಾಲಿನೊಳಗಿನ ತೊಂಗ್‌ಮು ಎಂಬ ಹಳ್ಳಿಯೇ ಇದರ ಹುಟ್ಟೂರು. ಜಗತ್ತಿನ ಕಪ್ಪು ಚಹಗಳಿಗೆಲ್ಲ ಇದೇ ಮೂಲಪುರುಷ ಎನ್ನುವವರು ಬಹಳ ಮಂದಿ.

ಮೂಲಪುರುಷ ಎಂದ ಮೇಲೆ ಸ್ಥಳಪುರಾಣ ಇರಲೇಬೇಕಲ್ಲ? ಹದಿನೇಳನೆಯ ಶತಮಾನದಲ್ಲಿ ಒಂದು ಸೈನ್ಯ ತೊಂಗ್‌ಮು ದಾರಿಯಾಗಿ ಹೋಗುವಾಗ ಚಹ ಮಾಡುವ ಮನೆಗಳಲ್ಲಿ ತಂಗಿತಂತೆ. ಕೊಯ್ದಿಟ್ಟ ಎಲೆ ಹಾಗೇ ಬಿದ್ದು ಕಂದಿ ಕೆಂಪಾಯಿತಂತೆ. ಸೈನ್ಯ ಕಾಲ್ತೆಗೆದ ಕೂಡಲೇ ರೈತರು, ಹೋದ ಮಾಲಿನಲ್ಲಿ ಸಿಕ್ಕಷ್ಟು ಉಳಿಯಲಿ ಎಂದು, ಕಾಡಿನ ಪೈನ್ ಕಟ್ಟಿಗೆ ಉರಿಸಿ ಅದನ್ನು ಅವಸರವಾಗಿ ಒಣಗಿಸಿದರಂತೆ. ಕೆಟ್ಟಿತೆಂದು ಮಾರಿದ ಆ ಚಹವನ್ನೇ ಮರುವರ್ಷ ವ್ಯಾಪಾರಿಗಳು ಹುಡುಕಿಕೊಂಡು ಬಂದರಂತೆ. ಸೈನ್ಯ ಬಂದು ಮಲಗಿ ಎದ್ದುಹೋದದ್ದರಿಂದ ಊರಿಗೆ ಒಳ್ಳೆಯದಾದ ಉದಾಹರಣೆ ಚರಿತ್ರೆಯಲ್ಲಿ ಬೇರೆ ಸಿಗುವುದು ಕಷ್ಟ.

ಪುರಾಣವನ್ನು ನಂಬದಿದ್ದರೂ ನಡೆದೀತು, ಅಲ್ಲಿಯ ಮಳೆಯನ್ನು ಮಾತ್ರ ನಂಬಲೇಬೇಕು. ವಸಂತದಲ್ಲಿ ಚಹ ಕೊಯ್ಯುವ ಹೊತ್ತಿಗೆ ಆ ಬೆಟ್ಟಗಳಲ್ಲಿ ಮಂಜು ಮುಸುಕಿ ಮಳೆ ಹಿಡಿದಿರುತ್ತದೆ. ಎಲೆ ಬಾಡಿಸಲು ಬಿಸಿಲಿಲ್ಲ, ಸುತ್ತ ಪೈನ್ ಮರಗಳಿಗೆ ಬರವಿಲ್ಲ. ಹಾಗಾಗಿ ಅಲ್ಲಿಯವರು ಚಿಂಗ್‌ಲೋ ಎಂಬ ಮಹಡಿಮಹಡಿಯ ಮರದ ಮನೆ ಕಟ್ಟಿಕೊಂಡರು. ಕೆಳಗೆ ಪೈನ್ ಕಟ್ಟಿಗೆ ಉರಿಯುತ್ತದೆ. ಸಂದುಬಿಟ್ಟ ಹಲಗೆಗಳ ನಡುವಿನಿಂದ ಶಾಖವೂ ಹೊಗೆಯೂ ಮೇಲೇರಿ, ಚಾಪೆಯ ಮೇಲೆ ಹರವಿದ ಹಸಿ ಎಲೆಯನ್ನು ಬಾಡಿಸುತ್ತವೆ. ಬಾಡಿದ್ದನ್ನು ಹೊಸೆದು, ಕೆಂಪಾಗಲು ಬಿಟ್ಟು, ಮತ್ತೆ ಅದೇ ಹೊಗೆಯಲ್ಲಿ ಒಣಗಿಸುತ್ತಾರೆ. ಶೋಕಿಗಾಗಿ ಹಾಕಿದ ಹೊಗೆಯಲ್ಲ ಇದು. ಬಿಸಿಲು ಕೈಕೊಟ್ಟಾಗ ಕೈಹಿಡಿದ ಹೊಗೆ.

ವೂಯಿಯ ಚಹದ ಹಿಂದೆ ದೊಡ್ಡದೊಡ್ಡವರು ಬಿದ್ದಿದ್ದಾರೆ. 1773ರ ಡಿಸೆಂಬರಿನಲ್ಲಿ ಬಾಸ್ಟನ್ ಬಂದರಿನಲ್ಲಿ ತೆರಿಗೆಯ ಮೇಲಿನ ಸಿಟ್ಟಿಗೆ ಜನ ಸಮುದ್ರಕ್ಕೆ ಚೆಲ್ಲಿದ 342 ಪೆಟ್ಟಿಗೆಗಳಲ್ಲಿ ಹೆಚ್ಚಿನವು ವೂಯಿಯ ಹೆಸರು ಹೊತ್ತ ಬೋಹೀ ಎಂಬ ಕಪ್ಪು ಚಹದವು. ಸೂಚಾಂಗ್ ಪೆಟ್ಟಿಗೆಯೂ ಹತ್ತಿದ್ದವು. ಅಷ್ಟೊಂದು ಚಹವನ್ನು ತಣ್ಣೀರಿನಲ್ಲಿ, ಅದೂ ಉಪ್ಪುನೀರಿನಲ್ಲಿ ನೆನೆಹಾಕಿದ್ದು ಅದೊಂದೇ ಸಲವಿರಬೇಕು. ಮುಂದೆ 1849ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಫಾರ್ಚೂನ್ ತಲೆ ಬೋಳಿಸಿ, ಜಡೆ ಕಟ್ಟಿ, ಚೀನೀ ಉಡುಪು ತೊಟ್ಟು ಈ ಬೆಟ್ಟಗಳೊಳಗೆ ನುಗ್ಗಿದ. ಈಸ್ಟ್ ಇಂಡಿಯಾ ಕಂಪನಿ ಅವನನ್ನು ಕಳಿಸಿದ್ದು ಚಹದ ಗಿಡ, ಬೀಜ, ಕೆಲಸಗಾರರನ್ನು ಹಿಮಾಲಯದ ತಪ್ಪಲಿಗೆ ಸಾಗಿಸುವುದಕ್ಕೆ. ಒಂದು ಲೋಟ ಚಹಕ್ಕಾಗಿ ತಲೆ ಬೋಳಿಸಿಕೊಂಡವನ ಮುಂದೆ, ಬರೀ ಜೇಬು ಬೋಳಿಸಿಕೊಂಡ ನಾನು ಯಾವ ಲೆಕ್ಕ?

ಜೇಬು ಬೋಳಿಸಿಕೊಳ್ಳುವವರೂ ನೋಡಿ ಬೋಳಿಸಿಕೊಳ್ಳಬೇಕು. ಬಿಡಿ ಎಲೆಯನ್ನೇ ಕೇಳಿ. ಚೀಲದ ಪುಡಿಯಲ್ಲಿ ಏನಿದೆಯೆಂದು ಚೀಲಕ್ಕೇ ಗೊತ್ತಿರುವುದಿಲ್ಲ. ಎಲೆ ಕಪ್ಪಗೆ, ಹೊಳಪಾಗಿ, ಬಿಗಿಯಾಗಿ ಹೊಸೆದಂತಿರಬೇಕು, ಧೂಳಿರಬಾರದು. ಆಮೇಲೆ ಮೂಗಿನ ಪಾಳಿ. ಡಬ್ಬಿಯ ಮುಚ್ಚಳ ತೆಗೆದೊಡನೆ ಡಾಂಬರು ಹಾಕುವ ರಸ್ತೆ ನೆನಪಾದರೆ ನಮಸ್ಕಾರ ಮಾಡಿ ಬನ್ನಿ. ಅದು ಬಡಕಲು ಎಲೆಗೆ ದಂಡಿಯಾಗಿ ಹೊಗೆ ಕುಡಿಸಿದ ಮಾಲು. ಒಳ್ಳೆಯದರಲ್ಲಿ ಪೈನ್ ಮರದ ಅಂಟಿನ ಕಂಪು ಮೊದಲು ಬಂದು, ಅದರ ಹಿಂದೆಯೇ ಒಣಹಣ್ಣಿನ ಸಿಹಿ ಬರುತ್ತದೆ. ಲಿಚಿಯ ದಾಯಾದಿ ಲಾಂಗನ್ ಹಣ್ಣನ್ನು ಒಣಗಿಸಿ ಬೇಯಿಸಿದ ಕಷಾಯದ ಸಿಹಿ ಎನ್ನುತ್ತಾರೆ ಚೀನೀಯರು. ಹೊಗೆ ತಂಬೂರಿಯ ಶ್ರುತಿಯ ಹಾಗೆ ಹಿಂದೆ ಕೂತಿರಬೇಕು. ಕಛೇರಿ ಚಹದ್ದೇ ಆಗಬೇಕು.

ಇನ್ನೊಂದು ಪ್ರಶ್ನೆ ಕೇಳಲೇಬೇಕು: ‘ಇದಕ್ಕೆ ಹೊಗೆ ಹಾಕಿದ್ದಾರೆಯೇ?’ ನಗಬೇಡಿ. ಈಗ ಅದೇ ಬೆಟ್ಟದಲ್ಲಿ ಅದೇ ಹೆಸರಿನಲ್ಲಿ ಹೊಗೆಯಿಲ್ಲದ ಚಹವೂ ತಯಾರಾಗುತ್ತದೆ. 2005ರಲ್ಲಿ ತೊಂಗ್‌ಮುವಿನವರೇ ಬರೀ ಮೊಗ್ಗುಗಳಿಂದ, ಹೊಗೆ ಸೋಕಿಸದೆ, ಜಿನ್ ಜುನ್ ಮೆಯ್ ಎಂಬ ಚಹ ಮಾಡಿದರು. ಚೀನಾದ ಸಿರಿವಂತರು ಅದಕ್ಕೆ ಮುಗಿಬಿದ್ದರು. ಹೊಗೆಗೆಂದು ಹೋದವರು ಈ ಪ್ರಶ್ನೆ ಕೇಳದಿದ್ದರೆ, ದುಬಾರಿ ಬೆಲೆ ತೆತ್ತು ಶುದ್ಧ ಗಾಳಿ ಕುಡಿದು ಬರಬೇಕಾದೀತು.

ಇನ್ನು ಮಾಡುವ ಕ್ರಮ. ನಮ್ಮ ಜನ ಚಹವನ್ನು ‘ಕಾಯಿಸುವವರು’. ಪುಡಿ, ಸಕ್ಕರೆ, ಹಾಲು, ಶುಂಠಿ ಎಲ್ಲ ಒಂದೇ ಪಾತ್ರೆಗೆ ಬಿದ್ದು, ಮೂರು ಸಲ ಉಕ್ಕಿ ಬಂದ ಮೇಲೆಯೇ ನಮಗೆ ಸಮಾಧಾನ. ಈ ಎಲೆಗೆ ಆ ಶಿಕ್ಷೆ ಕೊಟ್ಟರೆ ಅದು ಕಹಿಯಾಗಿ ಸೇಡು ತೀರಿಸಿಕೊಳ್ಳುತ್ತದೆ. ನೀರು ಮಾತ್ರ ಕುದಿಯಲಿ. ಒಲೆ ಆರಿಸಿ ಒಂದು ನಿಮಿಷ ಬಿಟ್ಟು, 200 ಮಿಲಿಲೀಟರ್ ನೀರಿಗೆ ಎರಡು–ಎರಡೂವರೆ ಗ್ರಾಂ ಎಲೆಯಂತೆ ಹಾಕಿ, ಮುಚ್ಚಿ, ಮೂರು ನಿಮಿಷಕ್ಕೆ ಸೋಸಿ. ಚೀನೀಯರ ಪದ್ಧತಿ ಬೇಕೆಂದರೆ ಗೈವಾನ್ ಎಂಬ ಮುಚ್ಚಳದ ಬಟ್ಟಲಿನಲ್ಲಿ 100 ಮಿಲಿಲೀಟರಿಗೆ ಐದು ಗ್ರಾಂ ಹಾಕಿ, ಹತ್ತು ಹದಿನೈದು ಸೆಕೆಂಡಿಗೇ ಬಗ್ಗಿಸಿಬಿಡಿ. ಮತ್ತೆ ನೀರು ಹೊಯ್ಯಿರಿ, ಮತ್ತೆ ಬಗ್ಗಿಸಿ. ಸರತಿ ಕಳೆದಂತೆ ಹೊಗೆ ಹಿಂದೆ ಸರಿದು ಸಿಹಿ ಮುಂದೆ ಬರುತ್ತದೆ. ಚಹದ ಪರೀಕ್ಷೆ ಇರುವುದೂ ಅಲ್ಲೇ. ಹೊಗೆ ಹೋದ ಮೇಲೂ ಬಟ್ಟಲಿನಲ್ಲಿ ಏನಾದರೂ ಉಳಿದರೆ ನೀವು ಕೊಟ್ಟದ್ದು ಚಹದ ಬೆಲೆ. ಬಿಸಿನೀರೇ ಉಳಿದರೆ ಕೊಟ್ಟದ್ದು ಸೌದೆಯ ಬೆಲೆ.

ಹಾಲು ಹಾಕಬಹುದೇ? ಇಂಗ್ಲಿಷರು ಹಾಕುತ್ತಾರೆ. ಅವರೇನು ಮಾಡಿಲ್ಲ ಹೇಳಿ! ಒಳ್ಳೆಯ ಎಲೆಗೆ ಹಾಲು ಬೇಡವೆಂದು ನನ್ನ ಪಕ್ಷ. ಒರಟು ಎಲೆಗೆ ಚೂರು ಹಾಲು ಬಿದ್ದರೆ ತಕರಾರಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಮನೆಯವರ ಪರೀಕ್ಷೆ. ಬಟ್ಟಲಿನ ಮುಚ್ಚಳ ಎತ್ತುತ್ತಲೇ ನಡುಮನೆಯಿಂದ ಹೆಂಡತಿಯ ಸ್ವರ ಬರುತ್ತದೆ: “ಏನ್ರೀ, ಏನೋ ಸೀದ ವಾಸನೆ!” ಗ್ಯಾಸ್ ಆರಿಸಿದ್ದೇನೆ, ಇದು ಫುಜಿಯಾನ್ ಪ್ರಾಂತ್ಯದ ವಾಸನೆ ಎಂದು ನಾನು ತಿಳಿಸುತ್ತೇನೆ. ನಮ್ಮತ್ತೆ ಮಗಳಿಗೆ ಹೇಳಿದಂತೆ ಮಾಡಿ ನನಗೆ ಕೇಳಿಸುತ್ತಾರೆ: “ನಮ್ಮ ಬಚ್ಚಲ ಒಲೇಲಿ ಇದು ಪುಕ್ಕಟೆ ಸಿಗ್ತಿತ್ತು ಕಣೇ. ಅಳಿಯಂದಿರಿಗೆ ಒಂದು ಮಾತು ಮೊದಲೇ ಗೊತ್ತಾಗಿದ್ದಿದ್ರೆ!” ಉತ್ತರ ಕೊಡುವ ಅಳಿಯ ಇನ್ನೂ ಹುಟ್ಟಿಲ್ಲ. ಆದರೆ ಅದೇ ಅತ್ತೆ ಮೂರನೆಯ ಸರತಿಯ ಚಹವನ್ನು ‘ಗಂಟಲಿಗೆ ಹಿತ’ ಎಂಬ ನೆಪದಲ್ಲಿ ಕುಡಿಯುವುದುಂಟು. ಮೊದಲ ಸರತಿ ಕೊಡಹೋದರೆ ಮಾತ್ರ ಈಗಲೂ ಕೈ ಅಡ್ಡ ಹಿಡಿಯುತ್ತಾರೆ.

ಆದ್ದರಿಂದ ಓದುಗರಲ್ಲಿ ವಿನಂತಿ ಇಷ್ಟೇ. ಮೊದಲ ಸಲ 25 ಗ್ರಾಂಗಿಂತ ಹೆಚ್ಚು ಕೊಳ್ಳಬೇಡಿ. ಗಾಳಿಯಾಡದ ಡಬ್ಬಿಯಲ್ಲಿ, ಕಾಫಿಪುಡಿಯಿಂದಲೂ ಬೇರೆ ಚಹಗಳಿಂದಲೂ ದೂರವಿಡಿ. ಇಲ್ಲವಾದರೆ ವಾರದೊಳಗೆ ಕಪಾಟೆಲ್ಲ ತೊಂಗ್‌ಮು ಆಗುತ್ತದೆ. ಹಿಡಿಸದಿದ್ದರೆ ಎಸೆಯಬೇಡಿ, ಅಣಬೆ ಸಾರಿಗೆ ಅದರ ಡಿಕಾಕ್ಷನ್ ಎರಡು ಚಮಚ ಬೆರೆಸಿದರೆ ಸೌದೆ ಒಲೆಯ ಅಡುಗೆ ಎಂದು ಹೊಗಳಿಸಿಕೊಳ್ಳಬಹುದು. ಹಿಡಿಸಿತೋ, ಬೆಲೆ ಎಷ್ಟೆಂದು ಮನೆಯಲ್ಲಿ ಹೇಳಬೇಡಿ.