ಬೀಗ ವಿಭಾಗದ ಮುಖ್ಯಸ್ಥರಿಗೆ ಮೂಡಲಪಾಳ್ಯದಿಂದ ಒಂದು ಬಿನ್ನಹ

ಗೆ,
ಮುಖ್ಯಸ್ಥರು, ಬೀಗ ವಿಭಾಗ,
ಆಡಿಯೋ ಪುಸ್ತಕ ಮಾರುವ ಸಮಸ್ತ ಕಂಪನಿಗಳು

ವಿಷಯ: ದುಡ್ಡು ಕೊಟ್ಟು ಕೊಂಡ ಪುಸ್ತಕವನ್ನು ಮನೆಯ ಕಂಪ್ಯೂಟರಿನಲ್ಲಿ ಎಂಪಿ3 ಮಾಡಿಕೊಳ್ಳುವ ಘೋರ ಅಪರಾಧದ ಬಗ್ಗೆ

ಮಾನ್ಯರೇ,

ಇತ್ತ ಎಲ್ಲರೂ ಕ್ಷೇಮ. ತಮ್ಮ ಬೀಗಗಳೂ ಕ್ಷೇಮವೆಂದು ನಂಬಿದ್ದೇವೆ. ಬೆಂಗಳೂರಿನಲ್ಲಿ ನಾಗರಬಾವಿಗೂ ವಿಜಯನಗರಕ್ಕೂ ನಡುವೆ ಇರುವ ಮೂಡಲಪಾಳ್ಯ ತಮಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಡೆಬಿಟ್ ಕಾರ್ಡುಗಳ ಪರಿಚಯ ಮಾತ್ರ ಚೆನ್ನಾಗಿಯೇ ಇದೆ. ದುಡ್ಡು ಕಟ್ಟುವ ತನಕ ಗಿರಾಕಿ, ಕಟ್ಟಿದ ಮರುಕ್ಷಣ ಕಳ್ಳತನದ ಆರೋಪಿ: ಇಂಥ ಬಡ್ತಿ ಬೇರೆ ಯಾವ ಅಂಗಡಿಯಲ್ಲೂ ಸಿಗದು. ಅದಕ್ಕಾಗಿ ಮೊದಲು ಕೃತಜ್ಞತೆ ಸಲ್ಲಿಸಿ, ಆಮೇಲೆ ವಿಷಯಕ್ಕೆ ಬರುತ್ತೇನೆ.

ಅಪರಾಧದ ಸ್ವರೂಪವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ತಾವು ಹತ್ತು ಗಂಟೆಯ ಕಾದಂಬರಿಯೊಂದನ್ನು ಮಾರುತ್ತೀರಿ. ತಾವು ಹಾಕಿದ ಡಿಜಿಟಲ್ ಬೀಗದಿಂದಾಗಿ ಅದು ತಮ್ಮ ಆ್ಯಪ್‌ನಲ್ಲಿ ಮಾತ್ರ ಬಾಯಿ ಬಿಡುತ್ತದೆ. ಆದರೆ ನಮ್ಮ ಕಡೆ ಹಿರಿಯರ ಹಾಸಿಗೆಯ ಪಕ್ಕ ಇರುವುದು ಎಸ್.ಪಿ. ರೋಡಿನ ಅಂಗಡಿಯಿಂದ ತಂದ ಪುಟ್ಟ ಸ್ಪೀಕರು; ಅದಕ್ಕೊಂದು ಮೆಮೊರಿ ಕಾರ್ಡಿನ ಸಂದು, ಒತ್ತಲು ನಾಲ್ಕು ಗುಂಡಿ. ಕಣ್ಣಿಗೆ ಪೊರೆ ಬಂದವರಿಗೂ ಬೆರಳು ನಡುಗುವವರಿಗೂ ಆ ನಾಲ್ಕು ಗುಂಡಿ ಸಾಕು, ತಮ್ಮ ಆ್ಯಪ್‌ನ ಹದಿನಾಲ್ಕು ಮೆನು ಬೇಡ. ಆ ಸ್ಪೀಕರಿಗೆ ಗೊತ್ತಿರುವ ಭಾಷೆ ಎಂಪಿ3 ಒಂದೇ. ಸೆಕೆಂಡಿಗೆ 64 ಕಿಲೋಬಿಟ್‌ನ ಲೆಕ್ಕದಲ್ಲಿ ಗಂಟೆಗೆ ಸುಮಾರು 29 ಎಂಬಿ, ಇಡೀ ಕಾದಂಬರಿಗೆ 290 ಎಂಬಿ. ಒಂದು 4 ಜಿಬಿ ಕಾರ್ಡಿನಲ್ಲಿ ಒಂದು ಡಜನ್ ಪುಸ್ತಕ ಆರಾಮಾಗಿ ಕೂರುತ್ತವೆ. ಇಷ್ಟು ಮಾಡಿದರೂ ಮುಗಿಯಲಿಲ್ಲ. ಒಂದೇ ಉದ್ದನೆಯ ಫೈಲಾದರೆ ಕರೆಂಟು ಹೋಗಿ ಬಂದಾಗ ಕಥೆ ಮೊದಲಿನಿಂದ ಶುರು, ಹಾಗಾಗಿ ಅಧ್ಯಾಯವಾರು ತುಂಡು ಮಾಡಬೇಕು. ಹೆಸರಿಡುವಾಗ 01, 02 ಎಂದು ಸೊನ್ನೆ ಹಚ್ಚದಿದ್ದರೆ ಒಂದನೆಯ ಅಧ್ಯಾಯ ಮುಗಿದೊಡನೆ ಹತ್ತನೆಯದು ಬಂದು, ನಾಯಕಿಯ ಮದುವೆಗೆ ಮೊದಲೇ ಬಾಣಂತನ ಕೇಳಬೇಕಾಗುತ್ತದೆ. ಇದಿಷ್ಟೂ ನಮ್ಮ ಪಾತಕ. ಇದರಲ್ಲಿ ಲೇಖಕರ ಒಂದಕ್ಷರ ಬದಲಾಗಿಲ್ಲ, ತಮ್ಮ ಗಲ್ಲಾದಿಂದ ಒಂದು ರೂಪಾಯಿ ಹೋಗಿಲ್ಲ.

ಬೀಗ ಇರುವುದು ಕಳ್ಳರಿಗಾಗಿ ಎಂದು ತಾವು ಹೇಳಬಹುದು. ಆದರೆ ಕಳ್ಳರಿಗೆ ತಮ್ಮ ಬೀಗದ ದರ್ಶನವೇ ಆಗುವುದಿಲ್ಲ. ಆಡಿಯೋ ಪುಸ್ತಕ ಮಾರುವ ಆಡಿಬಲ್ ಕಂಪನಿಯ ಎ.ಎ.ಎಕ್ಸ್. ಎಂಬ ಬೀಗದ ಫೈಲನ್ನೇ ತೆಗೆದುಕೊಳ್ಳಿ. ಅದರ ಕೀಲಿ ಕೊಂಡವರ ಖಾತೆಗೆ ಸೇರಿದ ನಾಲ್ಕೇ ಬೈಟಿನ ಒಂದು ಸಂಖ್ಯೆ. ಎಫ್‌ಎಫ್‌ಎಂಪೆಗ್ ಎಂಬ ಬಿಟ್ಟಿ ತಂತ್ರಾಂಶಕ್ಕೆ ಆ ಸಂಖ್ಯೆ ಸಿಕ್ಕರೆ ಫೈಲು ತೆರೆಯುತ್ತದೆ. ಇದು ಗುಟ್ಟಲ್ಲ, ವರ್ಷಗಳಿಂದ ಎಲ್ಲರಿಗೂ ತಿಳಿದದ್ದು. ಹೀಗಿರುವಾಗ ತಿಳಿದವನೊಬ್ಬ ಒಂದು ಸಲ ತೆರೆದು ಟೆಲಿಗ್ರಾಂ ಗುಂಪಿಗೆ ಎಸೆದರೆ ಮುಗಿಯಿತು, ಅಲ್ಲಿ ಎತ್ತಿಕೊಳ್ಳುವ ಸಾವಿರ ಜನಕ್ಕೆ ಬೀಗವೂ ಇಲ್ಲ, ಬಿಲ್ಲೂ ಇಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ತಾವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸುಂಕ ಕಟ್ಟಿ ಒಳಗೆ ಬಂದವರನ್ನೇ ಕೂಡಿಹಾಕಿದ್ದೀರಿ. ಕದ್ದ ಮಾಲು ಎಲ್ಲ ಸ್ಪೀಕರಿನಲ್ಲೂ ಹಾಡುತ್ತದೆ, ಕೊಂಡ ಮಾಲು ಹಾಡುವುದಿಲ್ಲ. ಇದಕ್ಕಿಂತ ಚೆನ್ನಾಗಿ ಕಳ್ಳತನದ ಪ್ರಚಾರ ಮಾಡುವುದು ಕಳ್ಳರಿಂದಲೂ ಆಗದು.

ಕಾನೂನಿನ ಮಾತೆತ್ತಿ ಹೆದರಿಸುವವರೂ ಇದ್ದಾರೆ. ಅಮೆರಿಕದ 1998ರ ಕಾಯ್ದೆ ಬೀಗ ಮುಟ್ಟಿದ್ದನ್ನೇ ತಪ್ಪೆನ್ನುತ್ತದೆ, ನಿಜ. ಮೂಡಲಪಾಳ್ಯ ಇನ್ನೂ ಅಮೆರಿಕಕ್ಕೆ ಸೇರಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ಎರಡು ವರ್ಷದವರೆಗೆ ಜೈಲು ಎನ್ನುತ್ತದಾದರೂ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದವರಿಗೆ ಮಾತ್ರ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಕೆಲಸಕ್ಕೆ ಈ ಕಲಮು ಅಡ್ಡಿಯಲ್ಲ ಎಂದೂ ಅಲ್ಲೇ ಬರೆದಿದೆ. ಖಾಸಗಿ, ಸ್ವಂತ ಬಳಕೆಗೆ ನ್ಯಾಯವಾಗಿ ಉಪಯೋಗಿಸುವುದು ಉಲ್ಲಂಘನೆಯಲ್ಲ ಎನ್ನುತ್ತದೆ 52ನೆಯ ಕಲಮು. ಅಂಗವಿಕಲರಿಗೆ ಎಟುಕುವ ರೂಪಕ್ಕೆ ಕೃತಿಯನ್ನು ತರಲು ಅದೇ ಕಲಮಿನಲ್ಲಿ ಬೇರೆಯೇ ಅವಕಾಶವಿದೆ. ನನ್ನ ಓದಿನಲ್ಲಿ, ಕೊಂಡ ಪುಸ್ತಕವನ್ನು ತಾನೇ ಕೇಳಲು ಎಂಪಿ3 ಮಾಡಿಕೊಳ್ಳುವುದು ಈ ಚೌಕಟ್ಟಿನ ಒಳಗೇ ಬರುತ್ತದೆ. ತಮಾಷೆ ಇರುವುದು ಮುಂದೆ. ಇಂಥ ಕೆಲಸಕ್ಕೆ ಬೀಗ ತೆಗೆಯಲು ಮತ್ತೊಬ್ಬರಿಗೆ ನೆರವಾಗುವವರು, ಅದೇ 65ಎ ಪ್ರಕಾರ, ಆ ವ್ಯಕ್ತಿಯ ಹೆಸರು, ವಿಳಾಸ, ಉದ್ದೇಶಗಳ ಪೂರ್ತಿ ದಾಖಲೆ ಇಡಬೇಕಂತೆ! ಅಜ್ಜಿಗೆ ಕಾರ್ಡು ತುಂಬಿಕೊಡುವ ಮೊಮ್ಮಗ ಮೊದಲು ರಿಜಿಸ್ಟರ್ ತೆರೆದು, ಅಜ್ಜಿಯ ಪೂರ್ಣ ವಿಳಾಸ ಕೇಳಿ ಬರೆದುಕೊಳ್ಳಲಿ. ನಾವು ಕಾನೂನು ಪಾಲಿಸುವ ಜನ.

ಇನ್ನು ಗಂಭೀರವಾದ ಒಂದು ಆಕ್ಷೇಪಣೆ, ಲೇಖಕರದು. ಸಾವಿರ ಪ್ರತಿ ಅಚ್ಚಾಗುವುದೇ ವಾಡಿಕೆಯಾದ ಕನ್ನಡದಲ್ಲಿ ಒಂದೊಂದು ಕಳವೂ ಚುಚ್ಚುತ್ತದೆ. ಕ್ಯಾಸೆಟ್ಟಿನ ಕಾಲದಲ್ಲಿ ನಕಲಿ ಕ್ಯಾಸೆಟ್ ಮಾಡುವವರು ಕಂಪನಿಗಳ ಹೊಟ್ಟೆಗೆ ಹೊಡೆದದ್ದೂ ಸುಳ್ಳಲ್ಲ. ಆದರೆ ಹೊಡೆತ ಬಿದ್ದದ್ದು ನಕಲಿ ಮಾಲನ್ನು ಅಂಗಡಿಯಲ್ಲಿಟ್ಟು ಮಾರಿದವರಿಂದ, ಮನೆಯ ಡಬಲ್ ಡೆಕ್‌ನಲ್ಲಿ ತಾವು ಕೊಂಡ ಭಾವಗೀತೆಯ ಕ್ಯಾಸೆಟ್ಟಿಗೆ ಇನ್ನೊಂದು ಪ್ರತಿ ಮಾಡಿಟ್ಟುಕೊಂಡವರಿಂದಲ್ಲ. ಹಂಚುವವರ ಮೇಲೆ ಕೇಸು ಹಾಕಿ, ನಾವೇ ಸಾಕ್ಷಿ ಹೇಳುತ್ತೇವೆ. ‘ಆ್ಯಪ್ ಇದೆಯಲ್ಲ, ಅದರಲ್ಲೇ ಕೇಳಿ’ ಎಂಬ ಇನ್ನೊಂದು ಸಮಾಧಾನಕ್ಕೆ ಉತ್ತರ ಈಗಾಗಲೇ ಸಿಕ್ಕಿದೆ. 2009ರಲ್ಲಿ ಅಮೆಜಾನ್ ತನ್ನ ಗಿರಾಕಿಗಳ ಕಿಂಡಲ್‌ಗಳಿಂದ ಜಾರ್ಜ್ ಆರ್ವೆಲ್‌ನ ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತು. ಅಳಿಸಿದ್ದರಲ್ಲಿ, ದಾಖಲೆ ಅಳಿಸುವ ಸರ್ಕಾರದ ಕಥೆ ಹೇಳುವ ‘1984’ ಸಹ ಇತ್ತು, ಇಂಥ ವಿಡಂಬನೆ ನಮ್ಮಿಂದ ಬರೆಯಲಾಗದು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡವರ ಕಪಾಟೂ ಖಾಲಿಯಾಯಿತು. ಇಬ್ಬರೂ ದುಡ್ಡು ವಾಪಸು ಕೊಟ್ಟರು, ಪುಸ್ತಕ ಮಾತ್ರ ಹೋಯಿತು. ಅಂಥ ದೈತ್ಯರ ಕಥೆಯೇ ಹೀಗಾದರೆ, ಕನ್ನಡದಲ್ಲಿ ಆಡಿಯೋ ಪುಸ್ತಕ ತರುವ ಬೆರಳೆಣಿಕೆಯ ಸಣ್ಣ ಸಂಸ್ಥೆಗಳನ್ನು ನಂಬಿ ಕೊಳ್ಳುವ ಓದುಗರು ನಾಳೆಯ ಬಗ್ಗೆ ಯೋಚಿಸಬಾರದೆ? ಅವು ನೂರ್ಕಾಲ ಬಾಳಲಿ. ಕೊಂಡ ಪುಸ್ತಕದ ಆಯಸ್ಸು ಮಾತ್ರ ಅವುಗಳ ಸರ್ವರ್‌ಗೆ ಗಂಟುಬೀಳಬಾರದು.

ಬೀಗ ತೆಗೆದರೆ ವ್ಯಾಪಾರ ಮುಳುಗುತ್ತದೆ ಎಂಬ ಭಯವನ್ನು ಸಂಗೀತದವರೂ ಪಟ್ಟಿದ್ದರು. 2007ರಲ್ಲಿ ಆಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್ ಬಹಿರಂಗ ಪತ್ರವನ್ನೇ ಬರೆದು (ಈ ಪ್ರಕಾರಕ್ಕೆ ದೊಡ್ಡವರ ಆಶೀರ್ವಾದವೂ ಇದೆ) ಬೀಗದಿಂದ ಕಳವು ನಿಂತಿಲ್ಲ ಎಂದರು. 2009ರಲ್ಲಿ ಐಟ್ಯೂನ್ಸ್ ಹಾಡುಗಳ ಬೀಗ ಕಳಚಲಾಯಿತು. ಹಾಡಿನ ವ್ಯಾಪಾರ ಮುಳುಗಲಿಲ್ಲ. ಅದೇ ಅಂಗಡಿಯ ಆಡಿಯೋ ಪುಸ್ತಕಗಳಿಗೆ ಮಾತ್ರ ಬಿಡುಗಡೆ ಆಗಲಿಲ್ಲ. ಆಡಿಯೋ ಪುಸ್ತಕವನ್ನು ಬೀಗವಿಲ್ಲದೆ ಮಾರಿ ಬದುಕುವುದು ಸಾಧ್ಯವೆಂದು ಅಮೆರಿಕದ ಲಿಬ್ರೋ ಎಫ್‌ಎಂ ತೋರಿಸಿದೆ. ಹೆದರಿಕೆ ಇನ್ನೂ ಹೋಗದಿದ್ದರೆ ಫೈಲಿನೊಳಗೆ ಕೊಂಡವರ ಗುರುತು ಬರೆದಿಡಿ, ಬೇಕಾದರೆ ಬೀದಿಯ ಹೆಸರನ್ನೂ ಸೇರಿಸಿ. ಹಂಚಿದವರು ಸಿಕ್ಕಿಬೀಳಲಿ, ಕೇಳುವವರು ಕೇಳಲಿ.

ಕೊನೆಗೆ ಓದುಗರಿಗೂ ಒಂದು ಮಾತು. ತಿಂಗಳ ಚಂದಾ ಕಟ್ಟಿ ಕೇಳುವ ಪುಸ್ತಕ ಬಾಡಿಗೆಯದು; ಅದನ್ನು ತುಂಬಿಟ್ಟುಕೊಳ್ಳಲು ಈ ಪತ್ರವನ್ನು ನೆಪ ಮಾಡಿಕೊಳ್ಳಬೇಡಿ. ಬಿಡಿಯಾಗಿ ಬೆಲೆ ಕೊಟ್ಟು ಕೊಂಡದ್ದನ್ನು ನಿಮ್ಮ ಕಂಪ್ಯೂಟರಿನಲ್ಲಿ ಎಂಪಿ3 ಮಾಡಿಟ್ಟುಕೊಳ್ಳಿ, ಮನೆಯ ಹಿರಿಯರಿಗೆ ಕೇಳಿಸಿ. ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ.

ಇಂತಿ,
ಬಿಲ್ಲು ಜೋಪಾನವಾಗಿಟ್ಟುಕೊಂಡಿರುವ ಒಬ್ಬ ಗಿರಾಕಿ,
ಮೂಡಲಪಾಳ್ಯ